ಸರದಿ ಮೀರಿದ ನೀರು

ಗುಂಡ್ಲುಪೇಟೆಯಲ್ಲಿ ಹದಿನಾರು ವರ್ಷ ದಿನಗೂಲಿಯ ಮೇಲೆ ಬೀದಿ ಬೀದಿಗೆ ನಲ್ಲಿ ನೀರು ಬಿಟ್ಟ ದೊಡ್ಡಬೀರಯ್ಯನ ಕೆಲಸ ಅಂತೂ ಇಂತೂ ಕಾಯಂ ಆಯಿತು. ಆದರೆ ಆರ್ಡರಿನಲ್ಲಿ ಇದ್ದದ್ದು ಚಾಮರಾಜನಗರದ ಹೆಸರು. ತೆರಕಣಾಂಬಿ ದಾಟಿಕೊಂಡು ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅದೇನು ಊರು ಬಿಟ್ಟ ಲೆಕ್ಕವೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಹಾಗೆ ಹೇಳಿದವರಲ್ಲಿ ಯಾರೂ ಊರು ಬಿಟ್ಟವರಿರಲಿಲ್ಲ.

ಕಾಯಂ ಎಂದರೂ ಮೊದಲ ಎರಡು ವರ್ಷ ಪ್ರೊಬೇಷನ್. ಅಷ್ಟರೊಳಗೆ ಒಂದು ದೂರು ಬಂದು, ಅದು ನಿಜವೆಂದು ಮೇಲಿನವರು ಷರಾ ಬರೆದರೆ ಕಾಯಂ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ದಿನಗೂಲಿಯ ಸಾಲಿನಲ್ಲಿ ಹೋಗಿ ನಿಲ್ಲುವುದನ್ನು ನೆನೆದರೆ ಬೀರಯ್ಯನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ಯಶೋದಮ್ಮನಂತೂ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಕೊನೆಗೆ ಒಂದು ಗೀಟು ಎಳೆಯುತ್ತಿದ್ದಳು. ಹದಿಮೂರು ಗೀಟು ಆಗಿದ್ದವು, ಇನ್ನು ಹನ್ನೊಂದು ಬಾಕಿ.

ನೀರು ಬಿಡುವುದು ಸುಲಭದ ಕೆಲಸ ಎಂದುಕೊಂಡವರು ಒಂದು ದಿನ ಮಾಡಿ ನೋಡಬೇಕು. ರಸ್ತೆಯ ನಡುವೆ ಕಬ್ಬಿಣದ ಮುಚ್ಚಳ, ಅದರ ಕೆಳಗೆ ಗುಂಡಿ, ಗುಂಡಿಯ ತಳದಲ್ಲಿ ವಾಲ್ವ್. ಎದೆಯೆತ್ತರದ ಸಲಾಕೆಯನ್ನು ಇಳಿಬಿಟ್ಟು ಮೈಭಾರವನ್ನೆಲ್ಲ ಹಾಕಿ ತಿರುಗಿಸಬೇಕು. ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಯ ಕೊನೆಯ ಮನೆಗೆ ನೀರು ಹತ್ತುತ್ತದೆ, ಎಷ್ಟು ಸುತ್ತಾದರೆ ಪಕ್ಕದ ಬೀದಿಯವರು ಬೊಬ್ಬೆ ಹಾಕುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಬೀರಯ್ಯನಿಗೆ ಇದನ್ನೆಲ್ಲ ಕಲಿಸಿದವನು ಗುಂಡ್ಲುಪೇಟೆಯ ಹಳೇ ವಾಲ್ವ್‌ಮ್ಯಾನ್ ರಾಜಣ್ಣ. ಬೀಡಿ ಸೇದುತ್ತ, ಬೈಯುತ್ತ, ಬೈದದ್ದಕ್ಕೆ ಟೀ ಕುಡಿಸುತ್ತ ಕಲಿಸಿದ. ಸುತ್ತಿನ ಲೆಕ್ಕದ ಜೊತೆಗೆ ಇನ್ನೊಂದನ್ನೂ ಹೇಳಿಕೊಟ್ಟಿದ್ದ.

"ಸಾವಾಗಿರೊ ಮನೆ ಅಂದ್ರೆ ಸರದಿ ಗಿರದಿ ನೋಡ್ಬ್ಯಾಡ ಕಣ್ಲಾ. ಮೊದ್ಲು ನೀರ್ ಬುಟ್ಬುಡು. ಮಿಕ್ಕಿದ್ದು ಆಮೇಕೆ."

ಅದು ಆ ಊರಿನಲ್ಲಿ ನಡೆದುಬಂದ ಕ್ರಮ. ಹೆಣ ಮೀಯಿಸಬೇಕು, ಎತ್ತಿದ ಮೇಲೆ ಮನೆ ತೊಳೆಯಬೇಕು, ಮಣ್ಣಿಗೆ ಹೋಗಿ ಬಂದವರೆಲ್ಲ ತಲೆಗೆ ಹುಯ್ದುಕೊಳ್ಳಬೇಕು. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಸಾವು ಸರದಿ ನೋಡಿಕೊಂಡು ಬರುತ್ತದೆಯೇ? ಹಾಗಾಗಿ ಸತ್ತವರ ಮನೆಯವರು ನೆಂಟರಿಗೆ ಫೋನು ಮಾಡುವ ಮೊದಲೇ ಒಬ್ಬನನ್ನು ರಾಜಣ್ಣನ ಮನೆಗೆ ಓಡಿಸುತ್ತಿದ್ದರು. ರಾಜಣ್ಣನ ನಂತರ ಬೀರಯ್ಯನ ಮನೆಗೆ. ಬೀರಯ್ಯ ಸಲಾಕೆ ಹಿಡಿದು ಹೊರಟನೆಂದರೆ, ಅವತ್ತು ನೀರು ತಪ್ಪಿದ ಬೀದಿಯವರು "ಯಾರ ಮನೇಲಪ್ಪ?" ಎಂದು ಕೇಳುತ್ತಿದ್ದರೇ ಹೊರತು "ಯಾಕೆ ನಮ್ಗೆ ಬುಡ್ಲಿಲ್ಲ?" ಎಂದು ಕೇಳುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಹಾಗೆಂದು ಗುಂಡ್ಲುಪೇಟೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಅದು ದಾರಿಯ ಮೇಲಿನ ಊರು. ಊಟಿಗೆ ಹೋಗುವವರು, ಕೇರಳಕ್ಕೆ ಹೋಗುವವರು ಎಲ್ಲರೂ ಅದರ ಹೊಟ್ಟೆ ತುಳಿದುಕೊಂಡೇ ಹೋಗಬೇಕು. ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚುತ್ತದೆಂದು ಸಂಜೆಯಿಂದಲೇ ಕೇರಳದ ದಾರಿಯ ಮದ್ದೂರಿನ ಕಡೆಗೆ ಗಾಡಿಗಳು ಬಿದ್ದೆನೋ ಕೆಟ್ಟೆನೋ ಎಂದು ಓಡುತ್ತವೆ, ರಸ್ತೆ ದಾಟುವುದಕ್ಕೆ ಗಂಡೆದೆ ಬೇಕು. ಕೇರಳದಿಂದ ತರಕಾರಿ ಕೊಳ್ಳಲು ಬರುವವರ ಸಹವಾಸದಲ್ಲಿ ಬಜ್ಜಿ ಮಾರುವವಳೂ ಏನಣ್ಣ ಎನ್ನುವುದಕ್ಕೆ "ಎಂದಾ ಚೇಟ್ಟಾ" ಎನ್ನಲು ಕಲಿತಿದ್ದಾಳೆ. ಚೆಂಡುಹೂವಿನ ಕಾಲದಲ್ಲಿ ಹೊಲದ ಬದುವಿನಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಿಂದ ಸೈಟುಗಳ ಬೆಲೆಯೂ ಏರಿತು ಎಂದು ಬೀರಯ್ಯನ ನಂಬಿಕೆ. ಅದಕ್ಕಿಂತ ದೊಡ್ಡ ಕಾಟವೆಂದರೆ ಅಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದೆ ಇರುವುದಿಲ್ಲ. ಬೀರಯ್ಯನ ಮಗಳು ಸಿಂಧು ಕಾಲೇಜಿನ ಗೆಳತಿಯ ಜೊತೆ ಒಂದು ಪಾನಿಪೂರಿ ತಿಂದರೆ, ಅವಳು ಮನೆ ಮುಟ್ಟುವಷ್ಟರಲ್ಲಿ ಯಶೋದಮ್ಮನಿಗೆ ಎಷ್ಟು ಪೂರಿ ಎಂಬುದೂ ಗೊತ್ತಾಗಿರುತ್ತಿತ್ತು.

ಚಾಮರಾಜನಗರ ಹಾಗಲ್ಲ. ಅದು ಹಾದುಹೋಗುವ ಊರಲ್ಲ, ಕೆಲಸವಿದ್ದವರು ಬರುವ ಊರು. ರೈಲು ಹಳಿಯೂ ಅಲ್ಲಿಗೇ ಮುಗಿಯುತ್ತದೆ. ಸಂತೆಮರಹಳ್ಳಿಯಿಂದ, ಚಂದಕವಾಡಿಯಿಂದ ಬೆಳಗಿನ ಬಸ್ಸಿಗೆ ಕಾಗದಪತ್ರ ಕಂಕುಳಲ್ಲಿ ಇಟ್ಟುಕೊಂಡು ಬಂದವರು ಕೋರ್ಟು ಕಚೇರಿ ಮುಗಿಸಿಕೊಂಡು ಸಂಜೆಗೆ ವಾಪಸು. ಡಬಲ್ ರೋಡು ಅಗಲವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ, ಭಾನುವಾರ ಬಂತೆಂದರೆ ಅರ್ಧ ಊರಿಗೇ ಬೀಗ ಹಾಕಿದಂತಿರುತ್ತದೆ. ಯಶೋದಮ್ಮನಿಗೆ ದೊಡ್ಡಾಸ್ಪತ್ರೆ ಹತ್ತಿರ ಬಂದದ್ದೇ ದೊಡ್ಡ ನೆಮ್ಮದಿ, ಸಕ್ಕರೆ ಕಾಯಿಲೆಗೆ ತೋರಿಸಲು ಮೈಸೂರು ಬಸ್ಸು ಹಿಡಿಯುವುದು ತಪ್ಪಿತು. ಸಿಂಧುವಿಗೋ ಬಂದ ಎರಡನೇ ವಾರಕ್ಕೇ ಊರು ಹಿಡಿಸಿಬಿಟ್ಟಿತು.

"ಇಲ್ಲಿ ಯಾರೂ ಎಲ್ಲಿಗೆ ಓಯ್ತಿದ್ದೀಯಮ್ಮಿ ಅಂತ ಕೇಳಲ್ಲ ಕಣಪ್ಪ. ಅದೇ ಸಾಕು ನಂಗೆ" ಎಂದಿದ್ದಳು.

ಮಗಳಿಗೆ ಅಷ್ಟು ಹಿತವಾದದ್ದು ಬೀರಯ್ಯನ ಮೈಗೆ ಹತ್ತಲಿಲ್ಲ. ಅವನಿಗೆ ವಹಿಸಿದ್ದು ಊರಿನ ಅಂಚಿನ ಹೊಸ ಬಡಾವಣೆ, ಆರು ಅಡ್ಡರಸ್ತೆ. ಮನೆಗಳೆಲ್ಲ ದೊಡ್ಡವು, ಕಾಂಪೌಂಡೂ ದೊಡ್ಡವು. ಅಲ್ಲಿ ಮನೆಗಳಿಗೆ ಇಲಾಖೆಯ ಹೆಸರು: ಪಿಡಬ್ಲ್ಯುಡಿಯವರ ಮನೆ, ಕೆಇಬಿಯವರ ಮನೆ, ಸರ್ವೆಯವರ ಮನೆ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಇಲಾಖೆ ಬಿಡುವುದಿಲ್ಲ. ಬೆಳಿಗ್ಗೆ ನೀರು ಬಿಟ್ಟು ಗೇಟಿನ ಮುಂದೆ ನಿಂತರೆ ಒಳಗಿನಿಂದ ಸಂಪು ತುಂಬುವ ಸದ್ದು ಕೇಳುತ್ತಿತ್ತೇ ಹೊರತು ಯಾರ ಮುಖವೂ ಕಾಣುತ್ತಿರಲಿಲ್ಲ. ನೀರು ಬಂದರೆ ಮೌನ, ಬರದಿದ್ದರೆ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಒಣಗಿದ ನಲ್ಲಿಯ ಫೋಟೊ. ಬೀರಯ್ಯ ಆ ಗುಂಪಿನಲ್ಲಿ ಇರಲಿಲ್ಲ, ಆದರೆ ಗುಂಪಿನ ಮಾತೆಲ್ಲ ಅವನ ಬಗ್ಗೆಯೇ ಇರುತ್ತಿತ್ತು.

ಆ ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಎರಡನೇ ಅಡ್ಡರಸ್ತೆಗೆ ನೀರು ಬಿಡಲು ಸೈಕಲ್ಲಿನಲ್ಲಿ ಹೋಗುತ್ತಿದ್ದ ಬೀರಯ್ಯ, ಆರನೇ ಅಡ್ಡರಸ್ತೆಯ ಒಂದು ಮನೆಯ ಮುಂದೆ ಹೊಗೆಯಾಡುತ್ತಿದ್ದ ಬೆಂಕಿಯನ್ನೂ ಕಟ್ಟುತ್ತಿದ್ದ ಶಾಮಿಯಾನವನ್ನೂ ಕಂಡು ಇಳಿದ. ಗೇಟಿನ ಹತ್ತಿರ ಒಬ್ಬ ಯುವಕ ಫೋನಿನಲ್ಲಿ ಟ್ಯಾಂಕರಿನವನನ್ನು ಅಂಗಲಾಚುತ್ತಿದ್ದ. ಟ್ಯಾಂಕರಿನವನು ಹನ್ನೊಂದು ಗಂಟೆಗೆ ಮುಂಚೆ ಆಗುವುದಿಲ್ಲ ಎನ್ನುತ್ತಿದ್ದನೆಂದು ಕಾಣುತ್ತದೆ. ಅವನ ಕಾಲ ಬಳಿ ಅಂಗಡಿಯಿಂದ ತಂದ ಕುಡಿಯುವ ನೀರಿನ ಎರಡು ಕ್ಯಾನು ಇದ್ದವು.

"ಯಾರಪ್ಪ ಓದೋರು?" ಬೀರಯ್ಯ ಕೇಳಿದ.

"ನಮ್ಮಪ್ಪ. ಶಿವಮಲ್ಲಪ್ಪ ಅಂತ. ಟ್ರೆಜರೀಲಿದ್ರು" ಎಂದ ಯುವಕ. ಅವನ ಹೆಸರು ಸಾಗರ್. "ಬೆಳಗಿನ ಜಾವ ಎದೆನೋವು ಅಂದ್ರು, ಆಸ್ಪತ್ರೆ ಮುಟ್ಟೋ ಹೊತ್ಗೆ ಇರ್ಲಿಲ್ಲ. ನಮ್ಗೆ ನೀರು ಗುರುವಾರ ಅಲ್ವಾ? ಸಂಪಲ್ಲಿ ಒಂದು ಬಕೆಟ್ಟೂ ಇಲ್ಲ."

ಬೀರಯ್ಯ ಸೈಕಲ್ಲಿನಿಂದ ಸಲಾಕೆ ಬಿಚ್ಚಿಕೊಂಡ. ರಸ್ತೆಯ ಮುಚ್ಚಳ ಎತ್ತಿ ಆರನೇ ಅಡ್ಡರಸ್ತೆಯ ವಾಲ್ವನ್ನು ಪೂರ್ತಿ ಬಿಚ್ಚಿದ. ಈ ಬಡಾವಣೆಗೆಲ್ಲ ಒಂದೇ ಕೊಳವೆ. ತಗ್ಗಿನಲ್ಲಿರುವ ಆರನೆಯದಕ್ಕೆ ಬಿಟ್ಟರೆ ಎತ್ತರದ ಎರಡನೆಯದಕ್ಕೆ ನೀರು ಹತ್ತುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ದಿನದ ಪಾಲಿನ ಒಂದೂವರೆ ಗಂಟೆಯನ್ನೂ ಅಲ್ಲಿಗೇ ಬಿಟ್ಟ. ಸಾಗರ್ ಜೇಬಿಗೆ ಕೈಹಾಕಿದಾಗ "ಅಯ್ಯೋ ತಗಿ ತಗಿ" ಎಂದು ಸೈಕಲ್ಲು ಹತ್ತಿದ. ಎರಡನೇ ಅಡ್ಡರಸ್ತೆಯವರಿಗೆ ನಾಳೆ ಬಿಟ್ಟರಾಯಿತು, ಸಾವಿನ ಮನೆ ಎಂದರೆ ಯಾರು ತಾನೇ ಬೇಡ ಎಂದಾರು ಎಂದುಕೊಂಡ.

ಗುಂಡ್ಲುಪೇಟೆಯವನೊಬ್ಬನೇ ಮಾಡಬಹುದಾದ ತಪ್ಪು ಅದು. ಸತ್ತ ಸುದ್ದಿ ತನಗೆ ಗೊತ್ತಾಗಿದೆ ಎಂದಮೇಲೆ ಬಡಾವಣೆಗೆಲ್ಲ ಗೊತ್ತಾಗಿರುತ್ತದೆ ಎಂದು ಅವನು ತಿಳಿದಿದ್ದ. ಗೊತ್ತಾದದ್ದು ಆರನೇ ಅಡ್ಡರಸ್ತೆಯ ನಾಲ್ಕು ಮನೆಗೆ ಮಾತ್ರ.

ಎರಡನೇ ಅಡ್ಡರಸ್ತೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ರಾಜಶೇಖರ್ ಅವರ ಮನೆ. ಅವತ್ತು ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಹನ್ನೆರಡು ಜನ ಬರುವವರಿದ್ದರು. ನೀರಿನ ದಿನ ಎಂದು ನೋಡಿಕೊಂಡೇ ಮಂಗಳವಾರ ಗೊತ್ತುಮಾಡಿದ್ದರು. ಬೀಗರಾಗಬೇಕಾದವರು ಕೈತೊಳೆಯಲು ಹೋದಾಗ ನಲ್ಲಿ ಬುಸ್ಸೆಂದಿತು. ಅಂಥ ಅವಮಾನ ಯಾರಿಗಾದರೂ ಸಿಟ್ಟು ತರಿಸುವಂಥದ್ದೇ. ಆರನೇ ಅಡ್ಡರಸ್ತೆಯಲ್ಲಿ ನೀರು ಹರಿಯುತ್ತಿತ್ತೆಂದು ಹಾಲಿನವನಿಂದ ತಿಳಿದ ಮೇಲೆ ಅವರು ಕೂತು ಎರಡು ಪುಟದ ದೂರು ಬರೆದರು. ಅಕ್ಷರ ಮುತ್ತಿನಂತಿತ್ತು. ವಾಲ್ವ್‌ಮ್ಯಾನ್ ಲಂಚ ತಿಂದು ತನಗೆ ಬೇಕಾದವರಿಗೆ ಸರದಿ ಮೀರಿ ನೀರು ಬಿಡುತ್ತಿದ್ದಾನೆ ಎನ್ನುವುದು ಅದರ ಸಾರಾಂಶ.

ಶುಕ್ರವಾರ ನಗರಸಭೆಯ ಎಂಜಿನಿಯರ್ ಚಂದ್ರಕುಮಾರ್ ಬೀರಯ್ಯನನ್ನು ಕರೆದು ನೋಟಿಸು ಕೊಟ್ಟ. ಮೂವತ್ತು ದಾಟದ ಹುಡುಗ, ಒಳ್ಳೆಯವನೇ.

"ಸೋಮವಾರದೊಳಗೆ ಉತ್ತರ ಕೊಡ್ಬೇಕು ಬೀರಯ್ಯ. ವಾಲ್ವ್ ಜಾಮ್ ಆಗಿತ್ತು, ಮುಚ್ಚಕ್ಕಾಗ್ಲಿಲ್ಲ ಅಂತ ಬರ್ದುಬಿಡಿ. ನಾನು ಸ್ಥಳಪರಿಶೀಲನೆ ಮಾಡ್ದೆ ಅಂತ ಷರಾ ಹಾಕ್ತೀನಿ. ಮುಗೀತು."

"ಜಾಮ್ ಆಗಿರ್ನಿಲ್ವಲ್ಲ ಸಾ. ಸಾವಿನ ಮನೆಗೆ ಬುಟ್ಟೆ."

"ಅದು ಯಾವ ರೂಲ್ಸಲ್ಲಿದೆ? ಅಲ್ಲಿ ಸಾವಾಗಿತ್ತು ಅಂತ ಬರೆದ್ರೆ, ಬೇಕಂತಲೇ ಬಿಟ್ಟೆ ಅಂತ ಒಪ್ಕೊಂಡ ಹಾಗೆ. ಆಮೇಲೆ ನನ್ ಕೈಲೂ ಏನೂ ಆಗಲ್ಲ."

ಮನೆಯಲ್ಲಿ ಯಶೋದಮ್ಮ ಮಾತು ಕೇಳಿದವಳೇ ಒಲೆಯ ಮುಂದಿನಿಂದ ಎದ್ದು ಬಂದಳು. "ಅವ್ರೇ ಇಂಗ್ ಬರ್ಕೊಡು ಅಂತ ಬಾಯ್ ಬುಟ್ಟು ಯೋಳವ್ರೆ. ಬರ್ದು ಬಿಸಾಕ್ಬುಟ್ಟು ಬನ್ನಿ. ಇನ್ನು ಹನ್ನೊಂದು ತಿಂಗ್ಳು ಅದೆ ಅಷ್ಟೆ. ನಿಮ್ಮ ನ್ಯಾಯ ಇಟ್ಕೊಂಡು ನಾನೇನು ರಾಗಿ ಹಿಟ್ಟು ತೊಳಸ್ಲಾ?"

ಸಿಂಧು ಬರೆದುಕೊಡಲು ಪೆನ್ನೂ ತಂದಳು. ಬೀರಯ್ಯ ಶನಿವಾರವೆಲ್ಲ ಒದ್ದಾಡಿದ. ಸುಳ್ಳು ಬರೆಯುವುದು ಅವನಿಗೆ ಅಂಥ ಪಾಪವಾಗಿ ಕಾಣಲಿಲ್ಲ, ಕೆಲಸ ಉಳಿಯುವುದಾದರೆ ಬರೆದೇ ಬಿಡುವ ಅನ್ನಿಸಿತ್ತು. ಎದೆ ಚುಚ್ಚುತ್ತಿದ್ದದ್ದು ಲಂಚ ಎಂಬ ಮಾತು. ವಾಲ್ವ್ ಕೆಟ್ಟಿತ್ತು ಎಂದು ಬರೆದರೆ ನೌಕರಿ ಉಳಿಯುತ್ತದೆ, ಆದರೆ ಆ ಹೆಡ್‌ಮಾಸ್ಟರ್ ಅವನನ್ನು ಕಂಡಾಗಲೆಲ್ಲ ಕಾಸು ತಿಂದವನು ಎಂದೇ ನೋಡುತ್ತಾರೆ. ಹದಿನಾರು ವರ್ಷ ಯಾರ ಒಂದು ಬೀಡಿಯನ್ನೂ ಪುಕ್ಕಟೆ ಸೇದದವನಿಗೆ ಅದು ತಡೆಯಲಾರದ ಮಾತಾಗಿತ್ತು. ಗುಂಡ್ಲುಪೇಟೆಯಲ್ಲಿ ಇಂಥದ್ದೇನಾದರೂ ಆದರೆ ಬೈದವನ ಜಗಲಿಗೇ ಹೋಗಿ ಕೂತು, ನಾಲ್ಕು ಮಾತು ಬೈಸಿಕೊಂಡು, ನಾಲ್ಕು ಮಾತು ಬೈದು, ನೀರು ಕುಡಿದು ಬರುತ್ತಿದ್ದರು. ಭಾನುವಾರ ಸಂಜೆ ಅವನು ತೊಳೆದ ಅಂಗಿ ಹಾಕಿಕೊಂಡು ಎರಡನೇ ಅಡ್ಡರಸ್ತೆಗೆ ಹೊರಟ.

ಅಲ್ಲಿ ಜಗಲಿ ಇರಲಿಲ್ಲ. ಕಬ್ಬಿಣದ ಗೇಟು, ಗೇಟಿನ ಮೇಲೆ ನಾಯಿಯ ಚಿತ್ರ, ಅದರ ಮೇಲೆ ಕ್ಯಾಮೆರಾ. ಗಂಟೆ ಒತ್ತಿದ. ರಾಜಶೇಖರ್ ಬಂದು ಗೇಟಿನ ಒಳಗೇ ನಿಂತರು. ಇಬ್ಬರೂ ಸರಳುಗಳ ಆಚೆ ಈಚೆ ನಿಂತು ಮಾತಾಡಿದರು.

"ನಾನೇ ಕಣ್ರಾ ಸಾ, ನೀರ್ ಬುಡೋನು."

"ರಾಜಿಗೆ ಬಂದಿದ್ದೀಯೋ?" ಎಂದರು ರಾಜಶೇಖರ್. "ನೋಡಪ್ಪ, ಮೂವತ್ತಾರು ವರ್ಷ ಮೇಷ್ಟ್ರಾಗಿದ್ದೋನು ನಾನು. ದೂರು ಕೊಟ್ಟಾಗಿದೆ. ಹೇಳೋದಿದ್ರೆ ಆಫೀಸಲ್ಲಿ ಹೇಳು."

"ಆಫೀಸಲ್ಲಿ ಯೋಳ್ತೀನಿ ಸಾ. ಕೆಲ್ಸ ಓದ್ರೆ ಓಗ್ಲಿ ಅಂತ ಮನ್ಸು ಗಟ್ಟಿ ಮಾಡ್ಕಂಡೇ ಬಂದಿವ್ನಿ. ಆದ್ರೆ ಕಾಸು ಈಸ್ಕಂಡೆ ಅಂತ ಬರ್ದಿದ್ದೀರಲ್ಲ, ಅದೊಂದು ಸುಳ್ಳು. ಆವತ್ತು ಆರನೇ ಕ್ರಾಸಲ್ಲಿ ಸಾವಾಗಿತ್ತು. ಮೀಯಿಸಕ್ಕೆ ಒಂದು ಬಿಂದ್ಗೆ ನೀರಿರ್ನಿಲ್ಲ ಅವ್ರ ಮನೇಲಿ. ಅಂಗಡಿ ಕ್ಯಾನ್ ತಂದು ಮಡಗಿದ್ರು. ಅದ್ಕೆ ಬುಟ್ಟೆ."

ರಾಜಶೇಖರ್ ತುಸು ಮೆತ್ತಗಾದರು. "ಸಾವಾಗಿತ್ತಾ? ನಂಗ್ಯಾರೂ ಹೇಳ್ಲಿಲ್ಲವಲ್ಲ. ಗುಂಪಲ್ಲೂ ಬರ್ಲಿಲ್ಲ. ಯಾರು ಹೋದದ್ದು?"

"ಶಿವಮಲ್ಲಪ್ಪ ಅಂತೆ."

"ಗೊತ್ತಿಲ್ಲ ನಂಗೆ."

"ಟ್ರೆಜರೀಲಿದ್ರಂತೆ ಸಾ. ಬೆಳ್ಗಿನ ಜಾವ ಎದೆನೋವು ಬಂದು ಓಗ್ಬುಟ್ರಂತೆ."

ರಾಜಶೇಖರ್ ಗೇಟಿನ ಚಿಲಕದ ಮೇಲೆ ಕೈ ಇಟ್ಟರು. "ಟ್ರೆಜರಿಯವರಾ? ಎತ್ತರಕ್ಕೆ... ಸ್ವಲ್ಪ ಬಗ್ಗಿ ನಡೀತಿದ್ರಾ? ಬೇಸಗೇಲೂ ಮಫ್ಲರ್ ಸುತ್ಕೊಳ್ಳೋರು?"

"ಅವ್ರು ಬದುಕಿದ್ದಾಗ ನಾನು ನೋಡ್ಲಿಲ್ಲ ಸಾ" ಎಂದ ಬೀರಯ್ಯ. "ಎದ್ರುಗೆ ಫೋಟೊ ಮಡಗಿದ್ರು. ಅದ್ರಲ್ಲಿ ಮಫ್ಲರ್ ಇತ್ತು."

ನಾಲ್ಕು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಐದೂವರೆಗೆ ಪಾರ್ಕಿನ ಬಾಗಿಲಲ್ಲಿ ರಾಜಶೇಖರ್ ಮತ್ತು ಆ ಟ್ರೆಜರಿಯವರು ಸೇರುತ್ತಿದ್ದರಂತೆ. ಎಂಟು ಸುತ್ತು ನಡೆದು, ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂತು, ಅದೇ ಬಾಗಿಲಲ್ಲಿ ಬೇರೆಯಾಗುತ್ತಿದ್ದರು. ಇವರು ಅವರನ್ನು ಟ್ರೆಜರಿ ಸಾರ್ ಎನ್ನುತ್ತಿದ್ದರು, ಅವರು ಇವರನ್ನು ಹೆಡ್‌ಮಾಸ್ಟ್ರೇ ಎನ್ನುತ್ತಿದ್ದರು. ಮಂಡಿನೋವು, ಪಿಂಚಣಿ, ಮಗಳಿಗೆ ಗಂಡು ಹುಡುಕುವ ತಾಪತ್ರಯ ಎಲ್ಲವನ್ನೂ ಮಾತಾಡಿದ್ದರು. ಮಂಗಳವಾರ ಗಂಡಿನವರು ಬರುತ್ತಾರೆ ಎಂಬುದನ್ನು ಮನೆಯವರನ್ನು ಬಿಟ್ಟರೆ ಮೊದಲು ಹೇಳಿದ್ದೇ ಅವರಿಗೆ. ಹೆಸರು ಕೇಳಬೇಕೆಂದು ಒಮ್ಮೆಯೂ ತೋರಿರಲಿಲ್ಲ, ಮನೆ ಯಾವುದೆಂದೂ ಕೇಳಿರಲಿಲ್ಲ. ಆರು ದಿನದಿಂದ ಅವರು ಬಾರದೆ ಇದ್ದದ್ದಕ್ಕೆ ಮೈಸೂರಿನಲ್ಲಿರುವ ಅವರ ಮಗಳ ಮನೆಗೆ ಹೋಗಿರಬೇಕು ಎಂದುಕೊಂಡಿದ್ದರು. ಇದನ್ನೆಲ್ಲ ರಾಜಶೇಖರ್ ಬೀರಯ್ಯನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಅವನಿಗೆ ತಿಳಿಯಲಿಲ್ಲ. ಸಿಟ್ಟು ಹೊತ್ತುಕೊಂಡು ಬಂದವನಿಗೆ ಅವರ ಮುಖ ನೋಡಿ ಪಾಪ ಅನ್ನಿಸಿತು.

"ಅವರ ಮನೆ ತೋರಿಸ್ತೀಯೇನಪ್ಪ?" ಎಂದು ಅವರು ಗೇಟು ತೆಗೆದು ಹೊರಗೆ ಬಂದರು. ಚಪ್ಪಲಿ ಮರೆತಿದ್ದರು, ಮತ್ತೆ ಒಳಗೆ ಹೋಗಿ ಹಾಕಿಕೊಂಡು ಬಂದರು.

ಎರಡನೆಯದರಿಂದ ಆರನೇ ಅಡ್ಡರಸ್ತೆಗೆ ಐದು ನಿಮಿಷದ ನಡಿಗೆ. ಬೀರಯ್ಯ ಸೈಕಲ್ಲು ತಳ್ಳಿಕೊಂಡು ಜೊತೆಗೆ ನಡೆದ. ಶಾಮಿಯಾನ ಬಿಚ್ಚಿಯಾಗಿತ್ತು. ಬಾಗಿಲು ತೆರೆದಿತ್ತು. ಶಿವಮಲ್ಲಪ್ಪನವರ ಹೆಂಡತಿ ಕರಿಬಸಮ್ಮ ಹೊರಗೆ ಬಂದು, ಯಾರೆಂದು ಗೊತ್ತಾಗದೆ ಇಬ್ಬರನ್ನೂ ನೋಡಿದರು. ರಾಜಶೇಖರ್ ಕೈಮುಗಿದರು.

"ನಾನು... ಬೆಳಿಗ್ಗೆ ವಾಕಿಂಗಿಗೆ..."

"ಹೆಡ್‌ಮಾಸ್ಟ್ರಾ?" ಎಂದರು ಕರಿಬಸಮ್ಮ. ಅವರ ಕಣ್ಣು ತುಂಬಿ ಬಂತು. "ದಿನಾ ಮನೇಗೆ ಬಂದು ನಿಮ್ ಮಾತೇ ಆಡೋರು ಕಣ್ರಾ. ನಿಮ್ಗೆ ತಿಳಿಸ್ಬೇಕು ಅಂತ ನಮ್ ಸಾಗರ ಮಾರನೇ ದಿನ ಸಂಜೆ ಪಾರ್ಕಿಗೆ ಓಗಿ ಹೆಡ್‌ಮಾಸ್ಟ್ರು ಯಾರು ಅಂತ ಕೇಳ್ದ. ಮೂರು ಜನ ಹೆಡ್‌ಮಾಸ್ಟ್ರು ಸಿಕ್ಕುದ್ರಂತೆ. ಮೂರು ಜನಾನೂ ನಾವಲ್ಲ ಅಂದ್ರಂತೆ."

ಬೀರಯ್ಯ ಒಳಗೆ ಹೋಗಲಿಲ್ಲ. ಅವರಿಬ್ಬರೂ ಕೂತು ಮಾತಾಡುವುದು ತನ್ನ ಕಿವಿಗೆ ಬೀಳದಿರಲೆಂದು ಸೈಕಲ್ಲು ತಿರುಗಿಸಿಕೊಂಡು ಮನೆಗೆ ಬಂದ. ರಾಜಶೇಖರ್ ದೂರಿನ ಮಾತೆತ್ತಿರಲಿಲ್ಲ. ಅವನಿಗೂ ಕೇಳುವ ಮನಸ್ಸಾಗಲಿಲ್ಲ. ಅಂದು ಉಂಡು ಕೂತವನು ಸಿಂಧುವಿನ ಕೈಲಿ ಉತ್ತರ ಬರೆಸಿದ: ಸಾವಿನ ಮನೆಗೆ ನೀರು ಬೇಕಿತ್ತು, ಬಿಟ್ಟೆ, ಹಣ ತೆಗೆದುಕೊಳ್ಳಲಿಲ್ಲ. ಯಶೋದಮ್ಮ ಬೆನ್ನು ತಿರುಗಿಸಿ ಮಲಗಿದಳು.

ಸೋಮವಾರ ಅವನು ಕಚೇರಿಗೆ ಹೋಗುವಷ್ಟರಲ್ಲಿ ರಾಜಶೇಖರ್ ಚಂದ್ರಕುಮಾರನ ಮೇಜಿನ ಮುಂದೆ ಕೂತಿದ್ದರು. ದೂರು ವಾಪಸು ತೆಗೆದುಕೊಳ್ಳುವ ಕಾಗದ ತಂದಿದ್ದರು. ಮೊದಲಿನದು ಎರಡು ಪುಟವಾಗಿದ್ದರೆ ಇದು ಎರಡೇ ಸಾಲು. ಚಂದ್ರಕುಮಾರ್ ಅದನ್ನು ಗಟ್ಟಿಯಾಗಿ ಓದಿದ: "ತೀರಿಕೊಂಡವರು ನನ್ನ ಸ್ನೇಹಿತರು. ಈ ವಿಷಯ ನನಗೆ ಗೊತ್ತಿರಲಿಲ್ಲವಾದ್ದರಿಂದ ದೂರನ್ನು ಹಿಂಪಡೆಯುತ್ತಿದ್ದೇನೆ."

ದೂರೇ ಇಲ್ಲವೆಂದ ಮೇಲೆ ನೋಟಿಸೂ ಇಲ್ಲ, ಷರಾವೂ ಇಲ್ಲ. ಬೀರಯ್ಯ ತಂದ ಉತ್ತರವನ್ನು ಚಂದ್ರಕುಮಾರ್ ಓದಿ, ಮಡಿಸಿ, ಅವನ ಜೇಬಿಗೇ ವಾಪಸು ಇಟ್ಟ. ಆಮೇಲೆ ಹೆಡ್‌ಮಾಸ್ಟರರ ಕಾಗದವನ್ನು ಮತ್ತೊಮ್ಮೆ ನೋಡಿ ತಲೆ ಕೆರೆದುಕೊಂಡ.

"ಸಾರ್, ತಪ್ಪು ತಿಳೀಬೇಡಿ. ಇದನ್ನ ಮೇಲಿನವರೂ ಓದ್ತಾರೆ. ಸ್ನೇಹಿತರು ಅಂತ ಬರ್ದಿದ್ದೀರಿ, ಸತ್ತದ್ದು ಗೊತ್ತಿರ್ಲಿಲ್ಲ ಅಂತಾನೂ ಬರ್ದಿದ್ದೀರಿ. ಎರಡರಲ್ಲಿ ಒಂದು ಹೊಡೆದುಹಾಕಿ."

ರಾಜಶೇಖರ್ ಪೆನ್ನಿನ ಮುಚ್ಚಳ ತೆಗೆದು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆ ಎರಡು ಸಾಲನ್ನು ಮತ್ತೆ ಓದಿದರು. ಯಾವುದನ್ನೂ ಹೊಡೆಯದೆ ಪೆನ್ನು ಮುಚ್ಚಿದರು.

"ಎರಡೂ ನಿಜ ಕಣಪ್ಪ" ಎಂದರು.